ಕಾಲೇಜಿಗೂ ಒಂದು ಇಂಟರ್‌ವ್ಯೂ ಇರಲಿ

‘ಫಾರ್ಮಸಿ ಇಂಟರ್‌ವ್ಯೂದಾಗ ಏನೇನ್ ಕೇಳ್ತಾರ್ರೀ?’ ಪಿಯುಸಿ ಫಲಿತಾಂಶ ಬಂದ ಮೇಲೆ ವಿಜಯನಗರ ಜಿಲ್ಲೆಯ ನಮ್ಮ ಉಜ್ಜಿನಿ ಕಡೆಯ ಹುಡುಗರಿಗೆ ಇದೇ ಚಿಂತೆ. ಮೊಬೈಲಿನಲ್ಲಿ ಅಮೆರಿಕದ್ದೋ ಇಂಗ್ಲೆಂಡಿನದ್ದೋ ವಿಡಿಯೊ ನೋಡಿರುತ್ತಾರೆ. ಅಲ್ಲಿ ಫಾರ್ಮಸಿಗೆ ಸೇರುವವರನ್ನು ಕೂರಿಸಿಕೊಂಡು ‘ಈ ವೃತ್ತಿಯೇ ಯಾಕೆ, ರೋಗಿ ಸಿಟ್ಟಾದರೆ ಏನು ಮಾಡುತ್ತೀ’ ಎಂದೆಲ್ಲ ಕೇಳುವುದುಂಟು. ನಮ್ಮಲ್ಲಿ ಆ ಭಯ ಬೇಡ. ಬಿ.ಫಾರ್ಮ, ಫಾರ್ಮ್.ಡಿ ಕೋರ್ಸುಗಳ ಸರ್ಕಾರಿ ಕೋಟಾದ ಸೀಟನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ರ‍್ಯಾಂಕ್ ನೋಡಿ ಕೊಡುತ್ತದೆ. ನಿಮ್ಮ ಮುಖ ಯಾರೂ ನೋಡುವುದಿಲ್ಲ, ನೋಡುವುದು ಕಾಗದ.

ಆ ಕಾಗದದಲ್ಲೇ ನಮ್ಮವರು ಸೋಲುವುದು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆಲ್ಲ ಪ್ರಮಾಣಪತ್ರ ಬೇಕು. ಎಲ್ಲಕ್ಕಿಂತ ದೊಡ್ಡದು ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಇರುವ ಮೀಸಲಾತಿ. ಇದರ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ಹೊರಗಿನ ಜಿಲ್ಲೆಗಳಲ್ಲಿ ಶೇ 8. ಉಜ್ಜಿನಿ, ಕೊಟ್ಟೂರಿನವರಿಗೆ ಸಂತೆಯಿಂದ ಆಸ್ಪತ್ರೆವರೆಗೆ ದಾವಣಗೆರೆಯೇ ಹತ್ತಿರ. ಆಪ್ಷನ್ ತುಂಬುವಾಗಲೂ ಕೈ ಅಲ್ಲಿಗೇ ಹೋಗುತ್ತದೆ. ಆದರೆ ದಾವಣಗೆರೆ ಶೇ 8ರ ಕಡೆಗೆ ಬರುತ್ತದೆ, ಬಳ್ಳಾರಿ ಶೇ 70ರ ಕಡೆಗೆ. ದಾವಣಗೆರೆಯ ಬಾಪೂಜಿಯನ್ನು ಮೇಲೆ ಬರೆಯಿರಿ, ಬೇಡ ಎನ್ನುವವರಾರು? ಕೆಳಗೆ ಬಳ್ಳಾರಿಯ ಟಿವಿಎಂ ಕಾಲೇಜನ್ನು ಮಾತ್ರ ಬಿಡಬೇಡಿ. ಹರಪನಹಳ್ಳಿಯವರು ಇನ್ನೊಂದು ವಿಷಯ ಗಮನಿಸಬೇಕು. 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋದ ತಾಲ್ಲೂಕು ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ದಾಖಲೆಯಲ್ಲೊಂದು ಜಿಲ್ಲೆ, ಹೊಸದರಲ್ಲೊಂದು. ಕೊನೆಯ ದಿನ ಕಚೇರಿಗೆ ಓಡುವ ಬದಲು ಮೊದಲೇ ಸರಿಮಾಡಿಸಿಕೊಳ್ಳಿ.

ಇಂಟರ್‌ವ್ಯೂ ಹೆಸರಿನಲ್ಲಿ ಏನಾದರೂ ನಡೆದರೆ ಅದು ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಸೀಟಿಗೆ, ಅದರಲ್ಲೂ ಡಿ.ಫಾರ್ಮಗೆ. ಹುಡುಗನಿಗೆ ಹೆಸರು, ಅಂಕ ಕೇಳುತ್ತಾರೆ. ಉಳಿದ ಪ್ರಶ್ನೆಯೆಲ್ಲ ಅಪ್ಪನಿಗೆ: ‘ಈಗ ಎಷ್ಟು ಕಟ್ತೀರಿ?’ ನನ್ನ ಸಲಹೆ ಏನೆಂದರೆ, ದುಡ್ಡು ಎಣಿಸುವ ಮೊದಲು ಅಪ್ಪ ಮಗ ಇಬ್ಬರೂ ಸೇರಿ ಕಾಲೇಜಿಗೇ ಇಂಟರ್‌ವ್ಯೂ ಮಾಡಬೇಕು.

ಮೊದಲ ಪ್ರಶ್ನೆ: ಭಾರತೀಯ ಫಾರ್ಮಸಿ ಪರಿಷತ್ತಿನ ಈ ವರ್ಷದ ಅನುಮೋದನೆ ಎಲ್ಲಿ? 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಅನುಮೋದನೆ ಇಲ್ಲದ ಕೋರ್ಸು ಮುಗಿಸಿದರೆ ಫಾರ್ಮಸಿಸ್ಟ್ ಆಗಿ ನೋಂದಣಿ ಆಗುವುದಿಲ್ಲ. ಕಾಲೇಜುಗಳು ಅಣಬೆಯಂತೆ ಏಳುತ್ತಿವೆ ಎಂದು ಪರಿಷತ್ತು 2019ರಲ್ಲಿ ಹೊಸ ಕಾಲೇಜುಗಳಿಗೆ ಐದು ವರ್ಷ ತಡೆ ಹಾಕಿತ್ತು. ಆ ತಡೆ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಪತ್ರ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚವೇಕೆ?

ಎರಡನೆಯದಕ್ಕೆ ನಮ್ಮೂರ ಗಾದೆಯೇ ಸಾಕು: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ನೋಡಿ ಬೆಳೆದವರು ಕಾಲೇಜಿನ ಗಾಜಿನ ಮುಂಬಾಗಿಲಿಗೆ ಮರುಳಾಗಬಾರದು. ಲ್ಯಾಬ್ ಬೀಗ ತೆಗೆಸಿ ನೋಡಿ. ತಕ್ಕಡಿ, ಗಾಜಿನ ಸಾಮಾನಿನ ಮೇಲೆ ದೂಳಿದ್ದರೆ ಉತ್ತರ ಸಿಕ್ಕಿತು. ಡಿ.ಫಾರ್ಮದಲ್ಲಿ ಎರಡು ವರ್ಷದ ಪಾಠ ಮುಗಿದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ. ಅದು ಯಾವ ಆಸ್ಪತ್ರೆಯಲ್ಲಿ ಎಂದೂ ಕೇಳಿ. ಡಿ.ಫಾರ್ಮ ಮುಗಿಸಿದವರಿಗೆ ಎಕ್ಸಿಟ್ ಪರೀಕ್ಷೆ ಎಂದು 2022ರಲ್ಲಿ ನಿಯಮ ಬಂದಿದೆ, ಅದಕ್ಕೆ ಕಾಲೇಜಿನ ತಯಾರಿ ಏನು? ‘ದಿನಾ ಬರೋದೇನೂ ಬೇಡ, ಪರೀಕ್ಷೆಗೆ ಬಂದ್ರೆ ಸಾಕು’ ಎಂದು ನಕ್ಕರೆ ಎದ್ದು ಬನ್ನಿ. ಚಹಾ ಕುಡಿಯಲಿಕ್ಕೂ ನಿಲ್ಲಬೇಡಿ.

ಇಷ್ಟಾದ ಮೇಲೂ ಅವರು ‘ಈ ಕೋರ್ಸು ಯಾಕಪ್ಪಾ?’ ಎಂದರೆ ‘ಮೆಡಿಕಲ್ ಶಾಪ್ ಇಡ್ತೀನ್ರೀ’ ಎಂದು ಧೈರ್ಯವಾಗಿ ಹೇಳಿ, ಅದು ನಾಚುವ ಉತ್ತರವಲ್ಲ. ಆದರೆ ಹುಡುಗ ಅಂಗಡಿಯಲ್ಲಿ ತಾನೇ ಕೂರುತ್ತಾನೋ, ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬಸ್ ಹತ್ತುತ್ತಾನೋ ಎಂಬುದನ್ನು ಮನೆಯಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟನೇ ಕೊಡಬೇಕೆಂದು ಫಾರ್ಮಸಿ ಕಾಯ್ದೆಯ 42ನೇ ಕಲಂ ಹೇಳುತ್ತದೆ. ತಪ್ಪಿದರೆ ಶಿಕ್ಷೆಯೂ ಇದೆ.

ಸೇರುವ ಮೊದಲು ಹುಡುಗ ಇನ್ನೊಂದು ಕೆಲಸ ಮಾಡಬಹುದು. ಹಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಿಗಳು ‘ಎಚ್1’ ಪಟ್ಟಿಯಲ್ಲಿವೆ. 2014ರಿಂದ ಅವುಗಳಿಗೆ ಅಂಗಡಿಯಲ್ಲಿ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯ: ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿದ್ದು. ಮೂರು ವರ್ಷ ಕಾದಿಡಬೇಕು. ಪರಿಚಯದ ಮೆಡಿಕಲ್ ಶಾಪಿಗೆ ಹೋಗಿ ‘ಅಣ್ಣಾ, ಎಚ್1 ಪುಸ್ತಕ ಹೆಂಗ್ ಬರೀತಾರ, ತೋರಸ್ರಿ’ ಎಂದು ಕೇಳಲಿ. ತೋರಿಸಿದರೆ ಒಂದು ವಾರ ಅಲ್ಲೇ ಕೂತು, ಚೀಟಿಯಿಲ್ಲದೆ ‘ಎರಡು ಜ್ವರದ ಗುಳಿಗಿ ಕೊಡ್ರಿ’ ಎಂದು ಬರುವವರಿಗೆ ಆ ಅಣ್ಣ ಏನು ಹೇಳುತ್ತಾನೆಂದು ನೋಡಲಿ. ಆಮೇಲೆ ಫೀಸು ಕಟ್ಟಿದರಾಯಿತು.