ಮಲಗುವ ಜಾಗದ ನ್ಯಾಯ

ಬೆಲೆ ಒಂದೇ ಆಗಿದ್ದು ಗುಣ ಬೇರೆಬೇರೆಯಾಗಿರುವ ವಸ್ತುಗಳನ್ನು ಹಲವರಿಗೆ ಹಂಚಬೇಕಾದಾಗ ಯಾವುದು ಯಾರಿಗೆ ಸಲ್ಲಬೇಕೆಂಬುದು ನ್ಯಾಯವಿಚಾರದ ಹಳೆಯ ಪ್ರಶ್ನೆ. ಭಾರತದ ದೂರಪ್ರಯಾಣದ ರೈಲುಗಳಲ್ಲಿ ಈ ಪ್ರಶ್ನೆ ಪ್ರತಿ ರಾತ್ರಿ ಎದುರಾಗುತ್ತದೆ. ಒಂದು ದರ್ಜೆಯ ಎಲ್ಲ ಬರ್ತುಗಳಿಗೂ ಸಾಮಾನ್ಯವಾಗಿ ಒಂದೇ ದರವಿದ್ದರೂ ಆ ಬರ್ತುಗಳು ಕೊಡುವ ಸುಖ ಒಂದೇ ಅಲ್ಲ.

ಸ್ಲೀಪರ್ ಬೋಗಿಯನ್ನು ಎಂಟೆಂಟು ಬರ್ತುಗಳ ಅಂಕಣಗಳಾಗಿ ವಿಂಗಡಿಸಲಾಗಿದ್ದು, ಹಳೆಯ ಮಾದರಿಯ ಬೋಗಿಯಲ್ಲಿ ಇಂತಹ ಒಂಬತ್ತು ಅಂಕಣಗಳಿಂದ 72, ಎಲ್‌ಎಚ್‌ಬಿ ಎಂಬ ಹೊಸ ಮಾದರಿಯಲ್ಲಿ ಹತ್ತು ಅಂಕಣಗಳಿಂದ 80 ಬರ್ತುಗಳಿರುತ್ತವೆ. ಪ್ರತಿ ಅಂಕಣದಲ್ಲಿ ಎದುರುಬದುರಾಗಿ ಕೆಳಗಿನ, ನಡುವಿನ ಮತ್ತು ಮೇಲಿನ ಬರ್ತುಗಳು ಎರಡೆರಡಿದ್ದರೆ, ಓಡಾಟದ ದಾರಿಯ ಆಚೆಗೆ ಸೈಡ್ ಲೋವರ್ ಮತ್ತು ಸೈಡ್ ಅಪ್ಪರ್ ಎಂಬ ಎರಡು ಇರುತ್ತವೆ. ಬರ್ತಿನ ಸಂಖ್ಯೆಯನ್ನು ಎಂಟರಿಂದ ಭಾಗಿಸಿದಾಗ ಒಂದು ಅಥವಾ ನಾಲ್ಕು ಉಳಿದರೆ ಅದು ಕೆಳಗಿನದು, ಎರಡು ಅಥವಾ ಐದು ಉಳಿದರೆ ನಡುವಿನದು, ಮೂರು ಅಥವಾ ಆರು ಉಳಿದರೆ ಮೇಲಿನದು. ಏಳು ಉಳಿದರೆ ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್.

ಇವುಗಳ ಗುಣದೋಷಗಳು ಹೊತ್ತಿನೊಂದಿಗೆ ಬದಲಾಗುತ್ತವೆ. ಹಗಲಿನಲ್ಲಿ ಕೆಳಗಿನ ಬರ್ತು ಮೂವರೂ ಕೂರುವ ಆಸನವಾಗಿದ್ದು, ಅದರ ಬೆನ್ನಿನ ಆಸರೆಯನ್ನೇ ರಾತ್ರಿ ಮೇಲೆತ್ತಿ ಸಿಕ್ಕಿಸಿದರೆ ನಡುವಿನ ಬರ್ತು ಆಗುತ್ತದೆ. ಒಬ್ಬರು ಮಲಗಲು ಅದನ್ನು ಎತ್ತಿದರೆ ಕೆಳಗಿರುವವರು ತಲೆಯೆತ್ತಿ ಕೂರಲಾಗದು. ಕೆಳಗಿನವರು ಕೂತೇ ಇದ್ದರೆ ನಡುವಿನವರು ಮಲಗಲಾಗದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಲಗುವ ಸಮಯವೆಂದು 2017ರಲ್ಲಿ ನಿಗದಿಪಡಿಸಿದ ನಿಯಮದ ತಿರುಳು ಇದೇ: ಬರ್ತಿನ ಮೇಲಿನ ಹಕ್ಕು ಇಡೀ ಪ್ರಯಾಣಕ್ಕೆ ಒಂದೇ ರೂಪದಲ್ಲಿರದೆ ಗಡಿಯಾರದ ಮುಳ್ಳಿನೊಂದಿಗೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಮೇಲಿನ ಬರ್ತಿಗೆ ಹತ್ತುವ ಕಷ್ಟವಿದ್ದರೂ ಹಗಲಲ್ಲೂ ಯಾರ ಹಂಗಿಲ್ಲದೆ ಮಲಗುವ ಸ್ವಾತಂತ್ರ್ಯವಿದೆ. ಸೈಡ್ ಲೋವರಿನವರಿಗೆ ಕಿಟಕಿ ದಕ್ಕಿದರೂ, ಎರಡು ಆಸನಗಳನ್ನು ಮಡಿಸಿ ಜೋಡಿಸಿದ ಆ ಹಾಸಿಗೆಯ ನಡುವಿನ ಸಂದು ಬೆನ್ನಿಗೆ ಒತ್ತುತ್ತದೆ. ಗಾಲಿಗಳು ಬೋಗಿಯ ಎರಡು ತುದಿಗಳ ಕೆಳಗಿರುವುದರಿಂದ ಅಲ್ಲಿ ಸದ್ದೂ ಕುಲುಕಾಟವೂ ಹೆಚ್ಚು, ಜೊತೆಗೆ ಶೌಚಾಲಯದ ಬಾಗಿಲಿನ ಗಲಾಟೆ ಬೇರೆ. ನಿದ್ರೆಯನ್ನೇ ಮುಖ್ಯವೆಂದು ಎಣಿಸುವವರಿಗೆ ಬೋಗಿಯ ನಡುಭಾಗವೇ ಮೇಲು.

ಹೀಗಾಗಿ ಎಲ್ಲರಿಗೂ ಒಪ್ಪುವ ಅತ್ಯುತ್ತಮ ಬರ್ತೊಂದು ಇಲ್ಲ. ರಾತ್ರಿ ಬೆಂಗಳೂರಿನಲ್ಲಿ ಹೊರಟು ಬೆಳಿಗ್ಗೆ ಬೆಳಗಾವಿ ತಲುಪಿಸುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹಗಲಿನ ಆಸನದ ಪ್ರಶ್ನೆ ಹೆಚ್ಚು ಕಾಡುವುದಿಲ್ಲ. ಎರಡು ರಾತ್ರಿಗಳ ನಡುವೆ ಒಂದು ಇಡೀ ಹಗಲನ್ನು ಕಳೆಯಬೇಕಾದ ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಅದೇ ದೊಡ್ಡದಾಗುತ್ತದೆ. ಆದರೆ ಮಂಡಿನೋವಿನವರಿಗೆ, ಗರ್ಭಿಣಿಯರಿಗೆ, ರಾತ್ರಿ ಹಲವು ಬಾರಿ ಏಳಬೇಕಾದ ವೃದ್ಧರಿಗೆ ಕೆಳಗಿನ ಬರ್ತು ಇಷ್ಟಾನಿಷ್ಟದ ಮಾತಲ್ಲ, ಅದಿಲ್ಲದೆ ಪ್ರಯಾಣವೇ ಸಾಗದು. ಹಂಚಿಕೆಯ ನ್ಯಾಯವು ಮೊದಲು ಇಷ್ಟವನ್ನೂ ಅಗತ್ಯವನ್ನೂ ಬೇರ್ಪಡಿಸಿ ನೋಡಬೇಕಾದದ್ದು ಇದರಿಂದಲೇ.

ಹಂಚುವ ದಾರಿಗಳು ಮುಖ್ಯವಾಗಿ ಮೂರು: ಬೆಲೆ, ಸರದಿ ಮತ್ತು ಅಗತ್ಯ. ಚೀನಾದ ರೈಲುಗಳ ಮೂರು ಹಂತದ ಬೋಗಿಗಳಲ್ಲಿ ಕೆಳಗಿನ ಬರ್ತಿಗೆ ಹೆಚ್ಚು, ಮೇಲಿನದಕ್ಕೆ ಕಡಿಮೆ ದರವಿದೆ. ಕರ್ನಾಟಕದ ಖಾಸಗಿ ಸ್ಲೀಪರ್ ಬಸ್ಸುಗಳಲ್ಲೂ ಜಾಗಕ್ಕೆ ತಕ್ಕಂತೆ ದರ ಬದಲಾಗುವುದುಂಟು. ಹೆಚ್ಚು ಸುಖಕ್ಕೆ ಹೆಚ್ಚು ಹಣವೆಂಬ ಈ ವಾದ ಸರಳವಾಗಿದ್ದರೂ, ಹತ್ತಲಾಗದವರಿಗೆ ಅವರ ನೋವಿನ ಮೇಲೆಯೇ ತೆರಿಗೆ ಹಾಕಿದಂತಾಗುತ್ತದೆ. ಭಾರತೀಯ ರೈಲ್ವೆ ಸರದಿಯನ್ನೂ ಅಗತ್ಯವನ್ನೂ ಬೆರೆಸಿ, 60 ದಾಟಿದ ಪುರುಷರಿಗೂ 45 ದಾಟಿದ ಮಹಿಳೆಯರಿಗೂ ಗರ್ಭಿಣಿಯರಿಗೂ ಕೆಲವು ಕೆಳಗಿನ ಬರ್ತುಗಳನ್ನು ಮೀಸಲಿಟ್ಟಿದೆ. ಬಸ್ಸಿನಲ್ಲಿರುವಂತೆ ನಕ್ಷೆ ನೋಡಿ ಬೇಕಾದ ಜಾಗವನ್ನೇ ಆರಿಸುವ ಅವಕಾಶ ಏಕಿಲ್ಲವೆಂಬ ಆಕ್ಷೇಪವೂ ಇದೆ. ಆದರೆ ಮೊದಲು ಬಂದವರೆಲ್ಲ ಕೆಳಗಿನ ಬರ್ತುಗಳನ್ನೇ ಆರಿಸಿಕೊಂಡರೆ ತಡವಾಗಿ ಬಂದ ಅಶಕ್ತರಿಗೆ ಉಳಿಯುವುದು ಏಣಿ ಮಾತ್ರ.

ಆದರೂ ಈ ಏರ್ಪಾಡು ಅಗತ್ಯವನ್ನು ಅಳೆಯುವುದು ಹೆಚ್ಚಾಗಿ ವಯಸ್ಸಿನಿಂದ. ಹಿರಿಯರು ಒಬ್ಬರೇ ಅಥವಾ ಇಂತಹ ಅರ್ಹತೆಯುಳ್ಳ ಇಬ್ಬರೇ ಒಂದು ಟಿಕೆಟ್ಟಿನಲ್ಲಿದ್ದರೆ ಮಾತ್ರ ಈ ಮೀಸಲು ಅನ್ವಯಿಸುವುದರಿಂದ, ಎಪ್ಪತ್ತರ ತಾಯಿಯನ್ನು ನೋಡಿಕೊಳ್ಳಲು ಮಗ ಅದೇ ಟಿಕೆಟ್ಟಿನಲ್ಲಿ ಹೊರಟರೆ ಆ ತಾಯಿ ಮೀಸಲಿನಿಂದ ಹೊರಗುಳಿಯುತ್ತಾಳೆ. ನಿಯಮ ಬಿಟ್ಟ ಈ ತೆರಪನ್ನು ಬೋಗಿಯೊಳಗಿನ ಬರ್ತಿನ ಅದಲುಬದಲು ತುಂಬುತ್ತದೆ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬ ಕೋರಿಕೆಯಲ್ಲಿ ಸೌಜನ್ಯವಿದ್ದರೂ, ಅದು ಹೆಚ್ಚಾಗಿ ಒಂಟಿಯಾಗಿ ಹೊರಟವರ ಕಡೆಗೇ, ಅದರಲ್ಲೂ 'ಇಲ್ಲ' ಎನ್ನಲು ಹಿಂಜರಿಯುವವರ ಕಡೆಗೇ ತಿರುಗುತ್ತದೆ. ಕೇಳಿಸಿಕೊಂಡವರಿಗೆ ನಿರಾಕರಿಸುವ ಹಕ್ಕು ಇಲ್ಲವಾದರೆ ಅದು ಕೋರಿಕೆಯಾಗಿ ಉಳಿಯದೆ ಒತ್ತಾಯವಾಗುತ್ತದೆ. ಮೇಲಾಗಿ, ನಿರಾಕರಿಸಿದವರಿಗೂ ಕಣ್ಣಿಗೆ ಕಾಣದ ನೋವೊಂದು ಇರಬಹುದು.

ಆದ್ದರಿಂದ ಒಂದೇ ದರದ ಪದ್ಧತಿ ಉಳಿಯಬೇಕಾದದ್ದೇ ಸರಿ, ಆದರೆ ಅಗತ್ಯವನ್ನು ಗುರುತಿಸುವ ಕೆಲಸ ಟಿಕೆಟ್ ಕಾಯ್ದಿರಿಸುವ ಹೊತ್ತಿಗೇ, ಜೊತೆಗೆ ಯಾರಿದ್ದಾರೆಂಬುದನ್ನು ಲೆಕ್ಕಿಸದೆ ನಡೆಯಬೇಕು. ಹಾಗಾದಾಗ ರೈಲು ಹೊರಟ ಮೇಲೆ ಬರ್ತು ಬಿಟ್ಟುಕೊಡುವುದು ನಿಯಮದ ಕೊರತೆಯನ್ನು ಅಪರಿಚಿತರೊಬ್ಬರು ತಮ್ಮ ನಿದ್ರೆಯಿಂದ ತೀರಿಸುವ ಸಾಲವಾಗದೆ, ಕೊಡುವವರು ಮನಸ್ಸಿಟ್ಟು ಕೊಟ್ಟದ್ದಾಗಿರುತ್ತದೆ.