ಚಿತ್ರ ನೋಡಿ ನಾಯಿಮರಿ ಕೊಳ್ಳುವವರಿಗೆ

ಸಮೀರವಾಡಿಯಲ್ಲಿ ನನ್ನ ಬಳಿ ಕಲಿತ ಅನೇಕರು ಈಗ ಬೆಂಗಳೂರು, ಪುಣೆಗಳಲ್ಲಿ ಸ್ವಂತ ಮನೆ ಕಟ್ಟಿಸಿದ್ದಾರೆ. ಸಂತೋಷದ ಸಂಗತಿ. ಮನೆಯಾದೊಡನೆ ಊರ ಕಡೆಯ ಮುಧೋಳ ನಾಯಿಯೊಂದು ಬೇಕೆನಿಸುತ್ತದೆ. ಮಾರುವವರು ಕಳುಹಿಸಿದ ಚಿತ್ರವನ್ನು ನನಗೂ ಕಳುಹಿಸಿ, "ಸರ್, ಮರಿ ಹೇಗಿದೆ?" ಎಂದು ಕೇಳುತ್ತಾರೆ. ಮರಿಗೆ 28 ದಿನ, ಮುಂಗಡ ಕೊಟ್ಟಾಗಿದೆ, ಭಾನುವಾರ ಬಸ್ಸಿನಲ್ಲಿ ಬರಲಿದೆ! ಈ ಪದ್ಧತಿಯನ್ನು ನಾನು ಖಂಡಿಸುತ್ತೇನೆ. ಗುರುವೆಂಬ ಸಲುಗೆಯಿಂದ ತುಸು ಕಟುವಾಗಿಯೇ ಬರೆಯುತ್ತಿದ್ದೇನೆ.

ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು. 2020ರಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಈ ತಳಿಯ ಹೆಸರೆತ್ತಿದರು. ಹೆಮ್ಮೆ ಪಡೋಣ. ಆದರೆ ಕೀರ್ತಿಯನ್ನು ಕೊಳ್ಳುವವರು ಮರಿಯ ಆರೋಗ್ಯವನ್ನು ನೋಡುವುದಿಲ್ಲ ಎಂಬುದೇ ನನ್ನ ತಕರಾರು.

ಮೊದಲನೆಯ ಮೋಸ ಸಣಕಲುತನದ್ದು. "ಇದು ಬೇಟೆನಾಯಿ, ಎಲುಬು ಕಾಣಲೇಬೇಕು" ಎನ್ನುತ್ತಾರೆ. ಬೆಳೆದ ನಾಯಿಯ ಮಟ್ಟಿಗೆ ಇದು ನಿಜ. ಕಡೆಯ ಒಂದೆರಡು ಪಕ್ಕೆಲುಬು ತೋರಿದರೆ ಅದು ಅದರ ಮೈಕಟ್ಟು. ಮರಿಗೆ ಈ ಮಾತು ಸಲ್ಲದು. ಎಳೆಯ ಮರಿ ಮೈ ತುಂಬಿಕೊಂಡಿರಬೇಕು. ಬೆನ್ನೆಲುಬು ಎದ್ದು, ಹೊಟ್ಟೆ ಮಾತ್ರ ತಮಟೆಯಂತೆ ಬಿಗಿದಿದ್ದರೆ ಅದು ತಳಿಯ ಲಕ್ಷಣವಲ್ಲ, ಹಸಿವು ಮತ್ತು ಜಂತುಹುಳು. ತಳಿಯ ಹೆಸರಿನಲ್ಲಿ ಉಪವಾಸವನ್ನು ಮಾರುವುದು ಯಾವ ನ್ಯಾಯ?

ಎರಡನೆಯದು ವಯಸ್ಸಿನ ಮಾತು. "ಚಿಕ್ಕದಿದ್ದಾಗಲೇ ಒಯ್ದರೆ ಹೆಚ್ಚು ಹಚ್ಚಿಕೊಳ್ಳುತ್ತದೆ" ಎಂಬ ಈ ಸುಳ್ಳನ್ನು ವಿದ್ಯಾವಂತರೂ ನಂಬುತ್ತಾರಲ್ಲ! ಎಷ್ಟು ಕಚ್ಚಿದರೆ ನೋವಾಗುತ್ತದೆಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆಗಿನ ಆಟದಲ್ಲಿ, ಅದೂ ಎರಡನೆಯ ತಿಂಗಳಲ್ಲಿ. ಪಾರ್ವೋ, ಡಿಸ್ಟೆಂಪರ್ ರೋಗಗಳಿಗೆ ಮೊದಲ ಲಸಿಕೆ ಬೀಳುವುದೇ ಆರರಿಂದ ಎಂಟನೆಯ ವಾರದಲ್ಲಿ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರದವರೆಗೆ ಮತ್ತೆ ಹಾಕಿಸಬೇಕು. ಲಸಿಕೆಯೇ ಇಲ್ಲದ ಮರಿಯನ್ನು ರಾತ್ರಿಯಿಡೀ ಬಸ್ಸಿನಲ್ಲಿ ತಂದು, ನಾಲ್ಕನೆಯ ದಿನ ರಕ್ತಭೇದಿಯಾಯಿತೆಂದು ಅಳುವುದು ತಾವೇ ತಂದುಕೊಂಡ ದುಃಖ. 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ.

ಹಾಗಾದರೆ ನೋಡಬೇಕಾದುದೇನು? ಮೊದಲು ತಾಯಿಯನ್ನು ನೋಡಿರಿ. ತಾಯಿಯನ್ನು ತೋರಿಸಲು ಹಿಂಜರಿಯುವವರ ಅಂಗಳದಿಂದ ಹಾಗೆಯೇ ಹಿಂದಿರುಗಿರಿ. ಅದು ಸೊರಗಿದೆಯೇ, ವರ್ಷ ಬಿಡದೆ ಈಯುತ್ತಿದೆಯೇ, ಗಂಡು ನಾಯಿ ಅದರ ಮಗನೋ ಅಣ್ಣನೋ ಎಂದು ಸಂಕೋಚವಿಲ್ಲದೆ ಕೇಳಿರಿ. ಮರಿಯ ವಸಡು ಗುಲಾಬಿ ಬಣ್ಣದ್ದಾಗಿರಬೇಕು. ಕಣ್ಣಲ್ಲಿ ಗೀಜು, ಮೂಗಿನಲ್ಲಿ ಸಿಂಬಳ ಇರಬಾರದು. ಬಾಲದ ಕೆಳಗೆ ಹೇಲು ಮೆತ್ತಿರಬಾರದು. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ತಿರುಗಬೇಕು. ಅಂಗಳದಲ್ಲಿ ಬಿಟ್ಟು ಓಡಿಸಿ ನೋಡಿರಿ. ಓಡುವುದಕ್ಕೇ ಹುಟ್ಟಿದ ಪ್ರಾಣಿ ಕುಂಟಬಾರದು. ಈ ತಳಿ ಅಪರಿಚಿತರು ಮುಟ್ಟಿದರೆ ಸಹಿಸುವುದಿಲ್ಲ, ನಿಜ. ಆದರೆ ಸ್ವಲ್ಪ ದೂರ ನಿಂತು ನಿಮ್ಮನ್ನು ಗಮನಿಸುವ ಮರಿ ಬೇರೆ, ಮೂಲೆಯಲ್ಲಿ ಮುದುರಿ ಏಳದ ಮರಿ ಬೇರೆ. ಇದಾವುದೂ ಚಿತ್ರದಲ್ಲಿ ಕಾಣುವುದಿಲ್ಲ. (ಬಣ್ಣದ ಬಗ್ಗೆ ನನ್ನನ್ನು ಕೇಳಲೇಬೇಡಿ.)

ಮಾರುವವರನ್ನಷ್ಟೇ ದೂರಿದರೆ ಅರ್ಧ ಮಾತಾಗುತ್ತದೆ. ಸಾಕುವವರಲ್ಲಿ ಬಹುಮಂದಿ ಸಣ್ಣ ರೈತರು, ಕೂಲಿಯವರು. ಎರಡನೆಯ ತಿಂಗಳು ಮರಿಯನ್ನು ಇಟ್ಟುಕೊಂಡರೆ ಹಾಲು, ಮೊಟ್ಟೆ, ಲಸಿಕೆಯ ಖರ್ಚು ಅವರದು. ಮರಿ ಸತ್ತರೆ ನಷ್ಟವೂ ಅವರದೇ. ಆದ್ದರಿಂದಲೇ ಬೇಗ ದಾಟಿಸುತ್ತಾರೆ. ಲಕ್ಷದ ಸಂಬಳದವರು ಅವರೊಡನೆ ಐನೂರು ರೂಪಾಯಿಗೆ ಚೌಕಾಶಿ ಮಾಡಿ, ಎಳೆಯ ಮರಿಯನ್ನೇ ಬೇಡುತ್ತೀರಲ್ಲ, ನಾಚಿಕೆಯಾಗಬೇಕು. ಆ ಒಂದು ತಿಂಗಳ ಖರ್ಚನ್ನು ನೀವೇ ಕೊಡಿ, ಲಸಿಕೆಯ ಚೀಟಿ ಪಡೆಯಿರಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ, ಅಲ್ಲಿಯೂ ವಿಚಾರಿಸಿರಿ. ಇನ್ನು ಮುಂದೆ ನನಗೆ ಚಿತ್ರ ಕಳುಹಿಸಬೇಡಿ. ಮರಿ ಹುಟ್ಟಿದ ದಿನಾಂಕ ತಿಳಿಸಿರಿ; 56 ದಿನ ಎಣಿಸಿಕೊಂಡು ರಜೆ ಹಾಕಿ ಬನ್ನಿರಿ. ತಾಯಿಯನ್ನು ನೋಡಲು ನಾನೂ ಜೊತೆಗೆ ಬರುತ್ತೇನೆ.