ಅರವಟಿಗೆಯೂ ನಲ್ಲಿಯೂ

ಬೇಸಗೆಯ ದಿನಗಳಲ್ಲಿ ಹಾದಿಯ ಮಗ್ಗುಲಿಗೆ ಚಪ್ಪರವನ್ನೆಬ್ಬಿಸಿ, ಒದ್ದೆ ಮರಳಿನ ಮೇಲೆ ಹೊಸ ಮಡಕೆಗಳನ್ನಿರಿಸಿ, ಬಳಲಿ ಬಂದ ದಾರಿಗರಿಗೆ ನೀರನ್ನೂ ಮಜ್ಜಿಗೆಯನ್ನೂ ಕೊಡುವ ಅರವಟಿಗೆಯು ನಮ್ಮ ನಾಡಿನ ಪುರಾತನ ಧರ್ಮಗಳಲ್ಲೊಂದು. ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಹೆಸರುಗಳನ್ನು ನಮ್ಮ ಶಾಸನಗಳು ಆದರದಿಂದ ಉಳಿಸಿಕೊಂಡು ಬಂದಿವೆ. ನೀರಿಲ್ಲದೆ ಯಾರೂ ಬದುಕಲಾರರೆಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಯಾವ ರಾಜ್ಯಶಾಸ್ತ್ರದ ಗ್ರಂಥದಿಂದಲೂ ಬರಬೇಕಾಗಿರಲಿಲ್ಲ. ಆದರೂ ಆ ಪುಣ್ಯಕಾರ್ಯದೊಳಗೆ ಒಂದು ನ್ಯೂನತೆ ಅಡಗಿದ್ದಿತು: ಯಾರ ಕೈಗೆ ಚೊಂಬನ್ನು ಕೊಡಬೇಕು, ಯಾರ ಬೊಗಸೆಗೆ ಮೇಲಿನಿಂದ ಸುರಿಯಬೇಕು, ಯಾರನ್ನು ಹತ್ತಿರಕ್ಕೇ ಬರಗೊಡಬಾರದು ಎಂಬುದರ ನಿರ್ಣಯವೆಲ್ಲ ಕೊಡುವವನದೇ ಆಗಿದ್ದಿತು.

ಆ ನಿರ್ಣಯಾಧಿಕಾರ ಎಷ್ಟು ನಿಷ್ಕರುಣವಾಗಬಲ್ಲುದೆಂಬುದಕ್ಕೆ ಮಹಾರಾಷ್ಟ್ರದ ಮಹಾಡ್ ಪಟ್ಟಣದ ಚವದಾರ್ ಕೆರೆ ಸಾಕ್ಷಿ. ಸಾರ್ವಜನಿಕ ಜಲಾಶಯಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರತಕ್ಕದ್ದೆಂದು ಬೊಂಬಾಯಿಯ ವಿಧಾನ ಪರಿಷತ್ತು 1923ರಲ್ಲಿಯೇ ನಿರ್ಣಯ ಮಾಡಿದ್ದರೂ, ಮಹಾಡಿನ ಪುರಸಭೆ ಅದಕ್ಕೆ ಒಪ್ಪಿಗೆಯಿತ್ತಿದ್ದರೂ, ದನಕರುಗಳಿಗೆ ಇಲ್ಲದ ನಿಷೇಧ ಮನುಷ್ಯರಿಗೆ ಮುಂದುವರಿದೇ ಇದ್ದಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು; ಅನಂತರ ಪಟ್ಟಣದ ಸವರ್ಣೀಯರು ಕೆರೆಗೆ ಪಂಚಗವ್ಯವನ್ನು ಸುರಿದು ಶುದ್ಧಿ ಮಾಡಿದರು. ವ್ಯಾಜ್ಯವು ಬೊಂಬಾಯಿಯ ಹೈಕೋರ್ಟಿನಲ್ಲಿ ಅಂಬೇಡ್ಕರರ ಪರವಾಗಿ ಮುಗಿಯುವಷ್ಟರಲ್ಲಿ 1937 ಬಂದಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷಗಳ ನ್ಯಾಯವಿಚಾರಣೆ! ನಮ್ಮ ಸಂವಿಧಾನದ 15ನೆಯ ವಿಧಿಯು ಸಮಾನತೆಯೆಂಬ ಗಂಭೀರ ತತ್ತ್ವವನ್ನು ಹೇಳುತ್ತಿರುವಾಗಲೇ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಎಣಿಸುವುದೇಕೆಂಬುದು ಈ ವೃತ್ತಾಂತವನ್ನು ಬಲ್ಲವರಿಗೆ ವಿದಿತವಾದೀತು.

ಅವಶ್ಯ ಸೇವೆಯು ಹಕ್ಕಾಗಬೇಕೆಂಬುದಕ್ಕೆ ನ್ಯಾಯಬುದ್ಧಿಯೊಂದೇ ಕಾರಣವೆಂದಲ್ಲ. ಲೋಕಹಿತದ ಲೆಕ್ಕಾಚಾರವೂ ಅದನ್ನೇ ನುಡಿಯುತ್ತದೆ. ಜರ್ಮನಿಯ ಹ್ಯಾಂಬರ್ಗ್ ನಗರವು ಎಲ್ಬೆ ನದಿಯ ನೀರನ್ನು ಸೋಸದೆಯೇ ಮನೆಗಳಿಗೆ ಹಾಯಿಸುತ್ತಿದ್ದಿತು. ಶೋಧನಾಗಾರವನ್ನು ಕಟ್ಟಿಸುವ ಮಾತು ಬಂದಾಗಲೆಲ್ಲ ಖರ್ಚಿನ ಚರ್ಚೆಯಲ್ಲಿ ವರ್ಷಗಳು ಕಳೆದುವು. ಪಕ್ಕದ ಆಲ್ಟೋನಾ ಪಟ್ಟಣವಾದರೋ ಹ್ಯಾಂಬರ್ಗಿನ ಕೊಳೆಯೆಲ್ಲ ಸೇರಿದ ಕೆಳಹರಿವಿನ ನೀರನ್ನೇ ಎತ್ತುತ್ತಿದ್ದರೂ, ಅದನ್ನು ಮರಳಿನ ಮೂಲಕ ಸೋಸಿ ಊರಿಗೆ ಕೊಡುತ್ತಿದ್ದಿತು. 1892ರಲ್ಲಿ ಕಾಲರಾ ಬಂದೆರಗಿದಾಗ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಜನ ಸತ್ತರು; ಎರಡೂ ಊರುಗಳ ಗಡಿಯ ಬೀದಿಗಳಲ್ಲಿ ಒಂದು ಪಕ್ಕದ ಮನೆಗಳಿಗೆ ರೋಗ ನುಗ್ಗಿದರೆ ಎದುರು ಪಕ್ಕದ ಮನೆಗಳು ಉಳಿದುಕೊಂಡುವು. ಆ ಉಳಿದವರು ನೆರೆಯವರಿಗಿಂತ ಜಾಣರೂ ಅಲ್ಲ, ಪುಣ್ಯವಂತರೂ ಅಲ್ಲ. ಅವರ ಪುರಸಭೆ ತನ್ನ ಕೆಲಸವನ್ನು ಮಾಡಿತ್ತು, ಅಷ್ಟೆ. ಯಾವ ಗೃಹಸ್ಥನೂ ತನ್ನ ಪಾಡಿಗೆ ತಾನು ಕಟ್ಟಿಕೊಳ್ಳಲಾಗದ, ಯಾವ ಗೃಹಸ್ಥನೂ ಅದಿಲ್ಲದೆ ಬಾಳಲಾಗದ ಸೌಕರ್ಯವನ್ನು ಸಮಾಜವು ಎಲ್ಲರ ಹಕ್ಕೆಂದು ಕರೆಯುವುದು ಔದಾರ್ಯದಿಂದಲ್ಲ, ವಿವೇಕದಿಂದ.

ಹಕ್ಕೆಂದೊಡನೆ ಜನ ಪೋಲು ಮಾಡುವರು, ಹಣ ಕೊಡುವವರು ಯಾರು, ಎಂದು ಕೇಳುವವರುಂಟು. ಆ ಪ್ರಶ್ನೆ ಅನುಚಿತವೇನೂ ಅಲ್ಲ. ಆದರೆ ಹಕ್ಕೆಂದರೆ ಎಲ್ಲವೂ ಉಚಿತವೆಂದು ಅರ್ಥವಾಗದು. ನೀರನ್ನು ಸಂವಿಧಾನದಲ್ಲಿಯೇ ಹಕ್ಕೆಂದು ಸಾರಿದ ದಕ್ಷಿಣ ಆಫ್ರಿಕಾ ದೇಶವು ಮನೆಯೊಂದಕ್ಕೆ ತಿಂಗಳಿಗೆ 6000 ಲೀಟರ್ ನೀರನ್ನು ಬಿಟ್ಟಿಯಾಗಿ ಕೊಡುವ ನೀತಿಯನ್ನು ಕೈಗೊಂಡಿತು. ಅದಕ್ಕೆ ಮೀರಿ ಬಳಸಿದವರು ಹಣ ತೆರತಕ್ಕದ್ದೆಂದು ವಿಧಿಸಿತು. ಆ ನೀತಿ ಅಲ್ಲಿಯ ಕೊರತೆಗಳನ್ನೆಲ್ಲ ನೀಗಿಸಿಲ್ಲವಾದರೂ, ದಾಹಕ್ಕೂ ಹೂದೋಟಕ್ಕೂ ಒಂದೇ ತಕ್ಕಡಿ ಸಲ್ಲದೆಂಬ ತಾರತಮ್ಯಜ್ಞಾನ ಅದರಲ್ಲಿದೆ.

ನಮ್ಮಲ್ಲಿ ಆ ತಕ್ಕಡಿ ತಲೆಕೆಳಗಾಗಿದೆ. ಶುದ್ಧವಾದ ನೀರು ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಹೇಳಿದೆ. ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ನೀರನ್ನು ಮಾನವಹಕ್ಕೆಂದು ಅಂಗೀಕರಿಸಿದೆ. ಇಷ್ಟಾಗಿಯೂ ಬೆಂಗಳೂರಿನ ನಡುವೆ ಕಾವೇರಿಯ ಕೊಳಾಯಿಯಿದ್ದ ಮನೆಯವರು ಅಗ್ಗದಲ್ಲಿ ನೀರನ್ನು ಪಡೆಯುತ್ತಿರಲು, ಕೊಳಾಯಿ ತಲುಪದ ಹೊರವಲಯದವರು ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆ ತೆತ್ತು ಟ್ಯಾಂಕರಿನ ದಾರಿ ಕಾಯುತ್ತಾರೆ. 2024ರ ಬೇಸಗೆಯಲ್ಲಿ ಆ ಬೆಲೆ ಮಿತಿಮೀರಿ, ಕಡೆಗೆ ಸರ್ಕಾರವೇ ಟ್ಯಾಂಕರ್ ನೀರಿಗೆ ದರ ಕಟ್ಟಬೇಕಾಯಿತು. ಅರವಟಿಗೆಯ ಧರ್ಮಿಷ್ಠನ ಸ್ಥಾನದಲ್ಲಿ ವ್ಯಾಪಾರಿ ಬಂದು ನಿಂತಿದ್ದಾನೆ. ನೀರು ಬೇಡುವವನು ಮಾತ್ರ ನಿಂತಲ್ಲಿಯೇ ನಿಂತಿದ್ದಾನೆ.

ಅರವಟಿಗೆಗಳು ಇರಲಿ, ದಯೆ ಎಂದಿಗೂ ಬೇಕು. ಆದರೆ ದಯೆಯನ್ನು ನೆಚ್ಚಿ ನಗರವನ್ನು ಕಟ್ಟಲಾಗದು. ಹೊಸ ಬಡಾವಣೆಗೆ ಒಪ್ಪಿಗೆಯ ಮುದ್ರೆ ಒತ್ತುವ ಮುನ್ನ, ಅಲ್ಲಿಯ ಕಡೆಯ ಮನೆಯ ನಲ್ಲಿಗೆ ನೀರು ಎಲ್ಲಿಂದ, ಯಾವಾಗ ಬರುವುದೆಂದು ಅಧಿಕಾರಿಗಳು ಬರೆದುಕೊಡಲಿ. ಓದುಗರು ತಮ್ಮ ವಾರ್ಡಿನ ಪ್ರತಿನಿಧಿಗಳನ್ನು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ.